ಒಂದೇ ನಾಯಿ ಕೊಡಲ್ಲ

ನಾಯಿ ಹಿಡಿಯುವುದಕ್ಕೆ ತಿಪ್ಪೇಶನನ್ನೇ ಯಾಕೆ ಆರಿಸಿದರು ಎನ್ನುವುದು ಸಿದ್ದರಕಟ್ಟೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೆ.

ಸಿದ್ದರಕಟ್ಟೆ ತರೀಕೆರೆಯಿಂದ ಅಜ್ಜಂಪುರಕ್ಕೆ ಹೋಗುವ ದಾರಿಯಲ್ಲಿರುವ ಸಣ್ಣ ಪೇಟೆ. ಮೊದಲು ಗ್ರಾಮ ಪಂಚಾಯ್ತಿ ಇತ್ತು, ಈಗ ಪಟ್ಟಣ ಪಂಚಾಯ್ತಿ. ಬೋರ್ಡು ಬದಲಾಯಿತು. ಅಧ್ಯಕ್ಷರ ಕೋಣೆಗೆ ಎಸಿ ಬಂತು. ಚರಂಡಿ ಬಾಚುವವರು ಮಾತ್ರ ಬದಲಾಗಲಿಲ್ಲ. ತಿಪ್ಪೇಶನ ಅಪ್ಪ ಬಾಚಿ ಬಾಚಿ ಸತ್ತ. ಈಗ ತಿಪ್ಪೇಶ ಬಾಚುತ್ತಾನೆ, ಗುತ್ತಿಗೆಯ ಮೇಲೆ. ಅವನ ಜನ ಇರುವುದು ಪೇಟೆಯಿಂದಾಚೆ, ಹಳೆ ಕಲ್ಲುಕ್ವಾರಿಯ ಹೊಂಡದ ಪಕ್ಕ. ಎಲ್ಲರೂ ಬೌದ್ಧರಾದ ಮೇಲೆ ಕಾಲೊನಿಯ ಬಾಯಲ್ಲಿ 'ಪಂಚಶೀಲ ನಗರ' ಅಂತ ಬೋರ್ಡು ಬರೆಸಿ ನಿಲ್ಲಿಸಿದ್ದಾರೆ. ಪೇಟೆಯವರು ಅದನ್ನು ಇವತ್ತಿಗೂ 'ಆ ಕಡೆ' ಅಂತಲೇ ಅನ್ನುವುದು. ಪೇಟೆಯ ಕಸ ಬೀಳುವುದೂ ಆ ಹೊಂಡಕ್ಕೇ.

ಬೇಕರಿಯ ಮುಂದೆ ಒಂದು ನಾಯಿ ಬ್ಯಾಂಕ್ ಮ್ಯಾನೇಜರರ ಮಗಳ ಕಾಲು ಕಚ್ಚಿತು. ಅಂಗಡಿಯವರೆಲ್ಲ ಶಟರ್ ಎಳೆದು ಕಚೇರಿ ಮುಂದೆ ಕೂತರು. ಮುಖ್ಯಾಧಿಕಾರಿ ಕೃಷ್ಣಸ್ವಾಮಿ ಹೊರಗೆ ಬಂದು ಕೈ ಮುಗಿದರು. ಒಂದು ವಾರದಲ್ಲಿ ಪೇಟೆ ಬೀದಿಯಲ್ಲಿ ಒಂದು ನಾಯಿಯೂ ಇರುವುದಿಲ್ಲ ಎಂದರು. ಜನ ಎದ್ದು ಹೋದರು. ಕೃಷ್ಣಸ್ವಾಮಿಯವರು ಚರಂಡಿ ಕೆಲಸದವರ ಮೇಸ್ತ್ರಿ ಚಿಕ್ಕಬೀರಪ್ಪನನ್ನು ಕರೆಸಿದರು. ಚಿಕ್ಕಬೀರಪ್ಪ ತಿಪ್ಪೇಶನನ್ನು ಕರೆಸಿದ.

"ನಾಯಿ ಹಿಡೀಬೇಕು ಕಣೋ."

"ನಂಗೆ ಬರಲ್ಲ ಮೇಸ್ತ್ರಿ. ನಾನು ಚರಂಡಿಯೋನು."

"ಚರಂಡಿಗಿಳಿಯೋನಿಗೆ ನಾಯಿ ಏನ್ ದೊಡ್ದು? ನೀವಲ್ದೆ ಇನ್ಯಾರ್ ಹಿಡೀತಾರೆ?"

ಹಿಡಿದ ನಾಯಿಗೆ ಆಪರೇಷನ್ ಮಾಡಿಸಬೇಕು. ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು. ಆಮೇಲೆ ಹಿಡಿದ ಬೀದಿಗೇ ತಂದು ಬಿಡಬೇಕು. ಇದನ್ನು ಕಚೇರಿಯ ಕಾಂಪೌಂಡಿನ ಮೇಲೆ ಹಸಿರು ಬಣ್ಣದಲ್ಲಿ, ನಗುವ ನಾಯಿಯ ಚಿತ್ರದ ಜೊತೆಗೆ ಬರೆಸಿದ್ದರು. ತಿಪ್ಪೇಶ ಓದು ಬಲ್ಲವನು. ಓದಿಕೊಂಡೇ ಕೇಳಿದ.

"ಆಪರೇಷನ್ ವ್ಯಾನು ಯಾವಾಗ ಬತ್ತದೆ ಸಾರ್?"

"ಬರುತ್ತೆ," ಎಂದರು ಕೃಷ್ಣಸ್ವಾಮಿ. "ಮೊದಲು ನೀನು ಬೀದಿ ಕ್ಲೀನ್ ಮಾಡು."

ಕೈಗವಸು ಕೊಡಲಿಲ್ಲ. ಅವನಿಗೆ ಲಸಿಕೆಯನ್ನೂ ಹಾಕಿಸಲಿಲ್ಲ. ಹೈಸ್ಕೂಲಿನ ಹಳೆ ವಾಲಿಬಾಲ್ ನೆಟ್ಟು ಕೊಟ್ಟರು, ನೈಲಾನ್ ಹಗ್ಗ ಕೊಟ್ಟರು. ತಿಪ್ಪೇಶ ಮತ್ತು ಅವನ ಜೊತೆಗಾರ ಆನಂದ್ ಮೊಣಕೈವರೆಗೆ ಗೋಣಿತಾಟು ಸುತ್ತಿಕೊಂಡು ಸುತಳಿ ಬಿಗಿದರು. ಕಸದ ಟ್ರ್ಯಾಕ್ಟರ್ ಮುಂದೆ, ಅವರು ಹಿಂದೆ.

ನಾಯಿಗಳು ಅವರನ್ನು ನಂಬಿದ್ದವು. ದಿನಾ ಬೆಳಿಗ್ಗೆ ನೋಡಿದ ಮುಖಗಳು. ಬಾಲ ಆಡಿಸಿಕೊಂಡು ಹತ್ತಿರ ಬಂದವು. ಮೊದಲ ನಾಯಿಯ ಕೊರಳಿಗೆ ಕುಣಿಕೆ ಬಿದ್ದಾಗ ಅದು ಮಗುವಿನ ಹಾಗೆ ಕಿರುಚಿತು. ಆಮೇಲೆ ಯಾವುದೂ ಹತ್ತಿರ ಬರಲಿಲ್ಲ. ಓಡಿಸಬೇಕು, ಚರಂಡಿಗೆ ಒತ್ತಬೇಕು, ನೆಟ್ಟು ಬೀಸಬೇಕು, ಮೇಲೆ ಬೀಳಬೇಕು. ಎದೆಯಡಿ ಒದ್ದಾಡುವ ಜೀವವನ್ನು ಮಂಡಿಯಲ್ಲಿ ಅದುಮಿ ಬಾಯಿಗೆ ಹಗ್ಗ ಬಿಗಿಯಬೇಕು. ಹೆದರಿದ ನಾಯಿ ಮೈಮೇಲೆಯೇ ಉಚ್ಚೆ ಹೊಯ್ಯುತ್ತಿತ್ತು, ಹೇಲುತ್ತಿತ್ತು. ತಿಪ್ಪೇಶನ ಅಂಗಿ, ಗಡ್ಡ, ಬಾಯಿ ಎಲ್ಲ ಅದೇ. ಅಂಗಡಿಯವರು ಮೆಟ್ಟಿಲ ಮೇಲೆ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡಿದರು. "ಅಗೋ ಅಲ್ಲೊಂದು, ಹಿಡಿ ಹಿಡಿ!" ಎಂದು ಕೂಗಿದರು. ನೀರು ಕೇಳಿದರೆ ಬಾಟಲಿಯನ್ನು ಮೆಟ್ಟಿಲ ಕೆಳಗಿಟ್ಟು ಹಿಂದೆ ಸರಿದರು.

ಸಂಜೆ ಟ್ರೇಲರ್ ತುಂಬಿತು. ವ್ಯಾನು ಬರಲಿಲ್ಲ.

"ಹೊಂಡದತ್ರ ಬಿಟ್ಬಿಡು," ಎಂದರು ಕೃಷ್ಣಸ್ವಾಮಿ, ಕುರ್ಚಿಯಿಂದ ಏಳದೆ.

"ಸಾರ್, ಅಲ್ಲಿ ನಮ್ ಮನೆಗಳಿದಾವೆ."

"ಅದು ಊರಾಚೆ ಅಲ್ವೇನಪ್ಪಾ?"

"ನಮಗೆ ಊರು ಅದೇ ಸಾರ್."

ಕೃಷ್ಣಸ್ವಾಮಿ ತಲೆ ಎತ್ತಿ ನೋಡಿದರು. ತಿಪ್ಪೇಶ ಬೈಗುಳ ಬಂದೀತು ಅಂದುಕೊಂಡ. ಬರಲಿಲ್ಲ. ಅವರಿಗೆ ಆ ಮಾತು ನಿಜವಾಗಿಯೂ ಅರ್ಥವಾಗಿರಲಿಲ್ಲ.

ತಿಪ್ಪೇಶ ಬಿಟ್ಟ. ತನ್ನ ಕೈಯಾರೆ ಹಗ್ಗ ಬಿಚ್ಚಿ, ತನ್ನ ಕಾಲೊನಿಯ ಬಾಯಲ್ಲೇ ಬಿಟ್ಟ. ಮರುದಿನವೂ, ಅದರ ಮರುದಿನವೂ ಬಿಟ್ಟ. ಪೇಪರಿನಲ್ಲಿ ಬಂತು: ಸಿದ್ದರಕಟ್ಟೆಯಲ್ಲಿ ಬೀದಿನಾಯಿಗಳಿಗೆ ಯಶಸ್ವಿ ಶಸ್ತ್ರಚಿಕಿತ್ಸೆ, ಅಧ್ಯಕ್ಷ ಬಸವರಾಜಪ್ಪ ಅವರಿಗೆ ನಾಗರಿಕರ ಅಭಿನಂದನೆ.

ಪೇಟೆಯಲ್ಲಿ ಹೋಟೆಲ್ಲಿನ ಎಂಜಲು, ಮಾಂಸದಂಗಡಿಯ ಚೂರು ತಿಂದು ಬದುಕಿದ್ದ ನಾಯಿಗಳು. ಹೊಂಡದಲ್ಲಿ ಪ್ಲಾಸ್ಟಿಕ್ ಬಿಟ್ಟರೆ ಏನೂ ಇರಲಿಲ್ಲ. ಮೊದಲು ಒಂದಕ್ಕೊಂದು ಕಚ್ಚಾಡಿದವು. ಆಮೇಲೆ ಕಾಲೊನಿಯ ಕೋಳಿ ಹಿಡಿದವು. ಈರಕ್ಕನ ಮೇಕೆಮರಿಯ ಹೊಟ್ಟೆ ಬಗೆದವು. ಹೆಂಗಸರು ಕೈಯಲ್ಲಿ ಕೋಲಿಲ್ಲದೆ ಕೂಲಿಗೆ ಹೋಗುವ ಹಾಗಿರಲಿಲ್ಲ. ಮಕ್ಕಳನ್ನು ಸ್ಕೂಲಿಗೆ ಗುಂಪು ಕಟ್ಟಿ ಕಳಿಸಬೇಕಾಯಿತು.

ಬೈಗುಳ ತಿಪ್ಪೇಶನಿಗೇ ಬಿತ್ತು. ಈರಕ್ಕ ಅವನ ಮನೆ ಬಾಗಿಲಿಗೆ ಬಂದು, ಸತ್ತ ಮರಿಯನ್ನು ಅಂಗಳದಲ್ಲಿ ಹಾಕಿದಳು. "ತಗಾ, ನಿನ್ ಸಂಬಳದ ದುಡ್ಡಲ್ಲಿ ಖಾರ ಅರೆಸ್ಕೊಂಡು ಉಣ್ಣು," ಎಂದಳು. ತಿಪ್ಪೇಶ ತಲೆ ತಗ್ಗಿಸಿದ. ಒಳಗಿನಿಂದ ಅವ್ವ ಈಶ್ವರಮ್ಮ ನೋಡುತ್ತಿದ್ದಳು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕಸ ಮುಸುರೆ ಮಾಡುವವಳು. ಗಂಡ ಸತ್ತ ಮೇಲೆ ಯಾರ ಮುಂದೆಯೂ ದನಿ ತಗ್ಗಿಸಿದವಳಲ್ಲ.

"ಅವ್ರು ಹೇಳಿದ್ರು, ನೀ ಸುರಿದೆ. ನಾಳೆ ನಮ್ಮನ್ನೇ ಹೊಂಡಕ್ ತಳ್ಳು ಅಂದ್ರೆ?"

"ಕೆಲ್ಸ ಹೋಗ್ತದೆ ಕಣವ್ವ."

"ಹೋಗ್ಲಿ ಬಿಡೋ. ಏನ್ ತಾಸೀಲ್ದಾರ್ ಕೆಲ್ಸ."

ಮಾರನೆಯ ಸಂಜೆ ಹೊಸ ಬಡಾವಣೆಯಲ್ಲಿ ಒಂದು ನಾಯಿ ತಾನಾಗಿ ಟ್ರ್ಯಾಕ್ಟರಿನ ಹತ್ತಿರ ಬಂತು. ಜೇನಿನ ಬಣ್ಣ. ಕೊಬ್ಬಿದ ಮೈ, ಜೋಲುಬಿದ್ದ ಕಿವಿ. ಕೊರಳಲ್ಲಿ ಪಟ್ಟಿ ಇರಲಿಲ್ಲ. ತಿಪ್ಪೇಶನ ಕೈ ನೆಕ್ಕಿತು.

"ಇದು ಸಾಕಿದ್ ನಾಯಿ ಮೇಸ್ತ್ರಿ. ಯಾರ ಮನೇದೋ ಏನೋ."

ಚಿಕ್ಕಬೀರಪ್ಪ ಬೈಕಿನ ಮೇಲೆ ಕೂತು ಫೋನ್ ನೋಡುತ್ತಿದ್ದ. "ಪಟ್ಟಿ ಇದೆಯೇನೋ? ಇಲ್ವಲ್ಲ. ತುಂಬು ಅತ್ಲಾಗೆ. ಕತ್ಲಾಗ್ತದೆ."

ಅದನ್ನೂ ತುಂಬಿದರು. ಅದನ್ನೂ ಹೊಂಡದ ಹತ್ತಿರ ಬಿಟ್ಟರು.

ಬೆಳಗಾಗುವಷ್ಟರಲ್ಲಿ ಪೇಟೆಯಲ್ಲಿ ಆಟೊ ಕೂಗಿಕೊಂಡು ಓಡಾಡತೊಡಗಿತು. "ಮಾನ್ಯ ಅಧ್ಯಕ್ಷರಾದ ಬಸವರಾಜಪ್ಪನವರ ಮನೆಯ, ಬ್ರೂನೊ ಎಂಬ ಹೆಸರಿನ ನಾಯಿ ಕಾಣೆಯಾಗಿರುತ್ತದೆ..." ಸ್ನಾನ ಮಾಡಿಸುವಾಗ ಪಟ್ಟಿ ಬಿಚ್ಚಿದ್ದರಂತೆ. ಗೇಟು ತೆರೆದಿತ್ತಂತೆ. ಕಂಬ ಕಂಬಕ್ಕೂ ನಾಯಿಯ ಬಣ್ಣದ ಫೋಟೊ ಬಂತು. ಕಚೇರಿಯ ಜೀಪು ಅದನ್ನು ಹುಡುಕಲು ಹೊರಟಿತು. ಬೀದಿಯಲ್ಲಿ ಹುಟ್ಟಿ ಬೆಳೆದ ನಾಯಿಗಳೆಲ್ಲ ಹೋದವು, ಯಾರೂ ಎಲ್ಲಿಗೆ ಎಂದು ಕೇಳಲಿಲ್ಲ. ಇದೊಂದು ನಾಯಿಗಾಗಿ ಪೇಟೆಗೆ ಪೇಟೆಯೇ ಲೊಚಗುಟ್ಟಿತು.

ಅಧ್ಯಕ್ಷರ ಕೋಣೆಗೆ ಕರೆಸಿದಾಗ ಚಿಕ್ಕಬೀರಪ್ಪ ಒಂದೇ ಮಾತಿನಲ್ಲಿ ಕೈ ತೊಳೆದುಕೊಂಡ. "ತಿಪ್ಪೇಶನೇ ಸಾರ್ ಹಿಡಿದಿದ್ದು. ನಾನ್ ಬೇಡ ಅಂದೆ." ಎಲ್ಲಿ ಬಿಟ್ಟರು ಎಂದು ಅಧ್ಯಕ್ಷರು ಕೇಳಿದಾಗ ಕೃಷ್ಣಸ್ವಾಮಿ ನೆಲ ನೋಡಿದರು. ಆಪರೇಷನ್ ಆಗಿದೆ ಎಂದು ಪೇಪರಿಗೆ ಹೇಳಿದ್ದವರು. ಮೇಸ್ತ್ರಿಯೇ ಬಾಯಿ ಹಾಕಿದ. "ಟ್ರೇಲರ್‌ನಿಂದ ಹಾರಿ ಓಡೋಯ್ತು ಅಂತಾನೆ ಸಾರ್ ಇವ್ನು." ತಿಪ್ಪೇಶ ಹಾಗೆಂದಿರಲಿಲ್ಲ. ಬಾಯಿ ತೆಗೆದ. ಮೇಸ್ತ್ರಿಯ ಕಣ್ಣು ನೋಡಿ ಮುಚ್ಚಿದ.

ಬಸವರಾಜಪ್ಪ ಎದ್ದು ಬಂದು ಅವನ ಮುಂದೆ ನಿಂತರು. "ನಮ್ಮನೆ ಮಗು ಕಣೋ ಅದು. ಬೀದಿನಾಯಿಗೂ ಅದಕ್ಕೂ ವ್ಯತ್ಯಾಸ ಗೊತ್ತಾಗಲ್ವಾ ನಿನ್ನ ಮುಖಕ್ಕೆ?" ದನದ ಡಾಕ್ಟರಿಗೆ ಫೋನ್ ಮಾಡಿದರು. ತನ್ನ ಹಾಸಿಗೆಯ ವಾಸನೆ ಹಿಡಿದು ನಾಯಿ ಬಂದರೂ ಬರಬಹುದು ಎಂದು ಡಾಕ್ಟರು ಅಂದರು. ಮನೆಯಿಂದ ನಾಯಿಯ ಬೆಡ್‌ಶೀಟ್ ಬಂತು.

"ಹೊದ್ಕೋ."

"ಕೈಲಿ ಹಿಡ್ಕೋತೀನಿ ಸಾರ್."

"ಹೊದ್ಕೋ ಅಂದೆ."

ತಿಪ್ಪೇಶ ಹೊದ್ದುಕೊಂಡ. ಗುಲಾಬಿ ಹೂವಿನ ಬೆಡ್‌ಶೀಟು, ಅಷ್ಟಗಲಕ್ಕೂ ನಾಯಿ ಕೂದಲು, ಶಾಂಪೂ ವಾಸನೆ. ಅವನ ಮನೆಯಲ್ಲಿ ಅಷ್ಟು ದಪ್ಪದ ಹೊದಿಕೆ ಇರಲಿಲ್ಲ. ಸುಡುವ ಬಿಸಿಲಿನಲ್ಲಿ ಅದನ್ನು ಹೊದ್ದುಕೊಂಡು "ಬ್ರೂನೊ, ಬ್ರೂನೊ" ಎಂದು ಕೂಗುತ್ತ ಪೇಟೆ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದ. ಕೂದಲು ಬೆವರಿಗೆ ಅಂಟಿ ಕತ್ತು ಕೆರೆಯಿತು. ಬೇಕರಿಯವನು ಬಿಸ್ಕತ್ತು ಎತ್ತಿ ತೋರಿಸಿ ಚೂ ಚೂ ಅಂದ. ಎಲ್ಲರೂ ನಕ್ಕರು. ಸಂತೆಗೆ ಬಂದಿದ್ದ ಬುಕ್ಕಾಂಬುಧಿಯ ಅವನ ದೊಡ್ಡಮ್ಮನ ಮಗಳು ಸೊಪ್ಪಿನ ಬುಟ್ಟಿಯ ಹಿಂದೆ ಮುಖ ತಿರುಗಿಸಿಕೊಂಡಳು. ಅವಳು ನಗಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

ಆಗ ಹೆಂಡತಿ ಶ್ರುತಿಯ ಫೋನು ಬಂತು.

"ಅತ್ತೇನ ಕಚ್ಬಿಟ್ವು ಕಣ್ರೀ. ಕೆನ್ನೆ ಹರ್ದೋಗಿದೆ. ಬೇಗ ಬನ್ನಿ."

ಈಶ್ವರಮ್ಮ ಹೋಟೆಲಿಗೆ ಹೊರಟಿದ್ದಳು. ಹೊಂಡದ ಪಕ್ಕ ನಾಯಿಗಳು ಮುತ್ತಿಕೊಂಡವು. ಕೋಲು ಬೀಸುವಾಗ ಜಾರಿ ಬಿದ್ದಳು. ಬಿದ್ದವಳ ಮೇಲೆ ಎರಗಿದವು. ಮುಂಗೈಯ ಮಾಂಸ ಕಿತ್ತಿತ್ತು. ಬಲಗೆನ್ನೆ ಬಾಯಿಯವರೆಗೆ ಸೀಳಿತ್ತು. ಕೇರಿಯವರು ಎತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಓಡಿದ್ದರು. ಸಿಸ್ಟರು ಸೋಪು ಹಾಕಿ ಗಾಯ ತೊಳೆದು, ಒಂದು ಇಂಜೆಕ್ಷನ್ ಕೊಟ್ಟು, ಮುಖದ ಗಾಯ ತಡ ಮಾಡುವ ಹಾಗಿಲ್ಲ, ಹುಚ್ಚುನಾಯಿ ರೋಗ ತಡೆಯುವ ಸೀರಂ ಹಾಕಿಸಬೇಕು, ಈಗಲೇ ಶಿವಮೊಗ್ಗಕ್ಕೆ ಹೊರಡಿ ಎಂದರು. ಆಂಬ್ಯುಲೆನ್ಸು ಲಾರಿ ಅಪಘಾತವೊಂದಕ್ಕೆ ಕಡೂರಿನ ಕಡೆ ಹೋಗಿತ್ತು.

ತಿಪ್ಪೇಶ ಕಚೇರಿಗೆ ಓಡಿದ. ಬೆಡ್‌ಶೀಟು ಮೈಮೇಲೇ ಇತ್ತು.

"ಸಾರ್, ಜೀಪು ಕೊಡಿ ಸಾರ್. ನಮ್ಮವ್ವನ್ನ ನಾಯಿ ಕಚ್ಚಿದೆ. ಮುಖಕ್ ಕಚ್ಚಿದೆ."

"ಜೀಪು ಅಮೃತಾಪುರದ ಕಡೆ ಹೋಗಿದೆಯಲ್ಲಪ್ಪ," ಎಂದರು ಕೃಷ್ಣಸ್ವಾಮಿ. "ಬ್ರೂನೊ ಅಲ್ಲಿ ಕಾಣಿಸ್ತು ಅಂತ ಯಾರೋ ಫೋನ್ ಮಾಡಿದ್ರು."

"ವಾಪಸ್ ಕರೀರಿ ಸಾರ್. ಕಾಲಿಗ್ ಬೀಳ್ತೀನಿ."

"ಅಧ್ಯಕ್ಷರೇ ಖುದ್ದಾಗಿ ಹೋಗಿದಾರೆ. ನಾನ್ ಹೇಗೆ ಕರೀಲಿ?" ಅವರ ಕಣ್ಣು ತಿಪ್ಪೇಶನ ಹೆಗಲಿನ ಮೇಲೆ ಹೋಯಿತು. "ಅದು ನೆಲಕ್ಕೆ ತಾಗ್ತಿದೆ ನೋಡು, ಮೇಲೆತ್ಕೋ. ವಾಸನೆ ಹೋಗ್ಬಿಡುತ್ತೆ."

ತಿಪ್ಪೇಶ ಬೆಡ್‌ಶೀಟನ್ನು ಕಿತ್ತು ಅವರ ಮೇಜಿನ ಮೇಲೆ ಎಸೆದ. ಚಹಾದ ಲೋಟ ಉರುಳಿತು. ಕೃಷ್ಣಸ್ವಾಮಿ ಏನೋ ಕೂಗಿದರು. ಅವನು ಆಗಲೇ ರಸ್ತೆಯಲ್ಲಿದ್ದ.

ತರಕಾರಿ ಸಾಗಿಸುವ ಗೂಡ್ಸ್ ಆಟೊ ಸಿಕ್ಕಿತು. ಹಿಂದುಗಡೆ ಚೀಲಗಳ ಮೇಲೆ ಅವ್ವನನ್ನು ಮಲಗಿಸಿಕೊಂಡು ಹೊರಟರು. ಗಾಯಕ್ಕೆ ಒತ್ತಿದ ಟವೆಲು ರಕ್ತಕ್ಕೆ ನೆನೆದು ತಿಪ್ಪೇಶನ ತೊಡೆ ಒದ್ದೆಯಾಯಿತು. ದಾರಿಯುದ್ದಕ್ಕೂ ಈಶ್ವರಮ್ಮ ಅಳಲಿಲ್ಲ. ಶಿವಮೊಗ್ಗದಲ್ಲಿ ಡಾಕ್ಟರು ಸೀಳಿದ ಕೆನ್ನೆಯ ಸುತ್ತ ಸೂಜಿ ಚುಚ್ಚಿ ಚುಚ್ಚಿ ಸೀರಂ ತುಂಬಿದರು. ಆಗಲೂ ಅವಳು ಹಲ್ಲು ಕಚ್ಚಿಕೊಂಡು ಮಗನ ಕೈ ಹಿಡಿದಿದ್ದಳು. ಉಗುರು ಅವನ ಚರ್ಮದೊಳಗೆ ಇಳಿದಿತ್ತು. ಜೀವಕ್ಕೆ ಅಪಾಯವಿಲ್ಲ, ಉಳಿದ ಇಂಜೆಕ್ಷನ್ನು ತಪ್ಪಿಸಬೇಡಿ ಎಂದರು.

ವಾರ್ಡಿನ ನೆಲದ ಮೇಲೆ ಕೂತಿದ್ದ ತಿಪ್ಪೇಶನಿಗೆ ಅವಳು ಅರ್ಧ ಬಾಯಲ್ಲಿ ಹೇಳಿದಳು. "ನನ್ನ ಕಚ್ಚಿದ್ದು ನಮ್ ಹೋಟ್ಲು ಮುಂದಿನ ಕೆಂದ ಕಣೋ. ನಾನೇ ಅನ್ನ ಹಾಕಿದ್ದೆ. ನನ್ ಗುರ್ತೂ ಸಿಗಲಿಲ್ಲ ಅದ್ಕೆ. ಅಷ್ಟ್ ಹಸಿದಿತ್ತು."

ಆ ಕೆಂದನನ್ನು ಹೋಟೆಲಿನ ಮೆಟ್ಟಿಲಿನಿಂದ ಎಳೆದವನು ಅವನೇ.

ಅವ್ವನನ್ನು ಮನೆಗೆ ಕರೆತಂದಾಗ ಶ್ರುತಿ ಅವನನ್ನು ಈರಕ್ಕನ ಮನೆಯ ಹಿಂದಕ್ಕೆ ಕರೆದೊಯ್ದಳು. ಹುಣಸೆ ಮರದ ಬೇರಿಗೆ ಜೇನುಬಣ್ಣದ ನಾಯಿ ಕಟ್ಟಿತ್ತು. ಬೇರೆ ನಾಯಿಗಳು ಕಿವಿ ಕಚ್ಚಿದ್ದವು. ಈರಕ್ಕ ಅದರ ಮೈಯಿಂದ ಉಣ್ಣೆಹುಳ ಹೆಕ್ಕುತ್ತಿದ್ದಳು. ಪಕ್ಕದಲ್ಲಿ ತಟ್ಟೆ, ತಟ್ಟೆಯಲ್ಲಿ ಕಿವುಚಿದ ಮುದ್ದೆ.

"ಬಾಗ್ಲಿಗೆ ಬಂದು ನಡುಗ್ತಾ ನಿಂತಿತ್ತು," ಎಂದಳು ಈರಕ್ಕ. "ಫೋಟೊ ನೋಡಿದೀನಿ, ಯಾರ್ದು ಅಂತ ಗೊತ್ತು. ಏನ್ಮಾಡಾನ ಹೇಳು."

ತಿಪ್ಪೇಶ ಅದರ ಹತ್ತಿರ ಕುಕ್ಕರಗಾಲಲ್ಲಿ ಕೂತ. ಅದು ಬಾಲ ಆಡಿಸಿತು.

"ಬರ್ಲಿ, ಅವ್ರೇ ಬರ್ಲಿ," ಎಂದ.

ಬಂದರು. ಸುದ್ದಿ ಹೇಗೋ ಮುಟ್ಟಿತ್ತು. ಓಟು ಕೇಳಿ ಹೋದಮೇಲೆ ಬಸವರಾಜಪ್ಪ ಕಾಲೊನಿಗೆ ಕಾಲಿಟ್ಟಿದ್ದು ಅದೇ ಮೊದಲು. ಜೀಪಿನಿಂದ ಇಳಿದು ಮೂಗಿಗೆ ಕರ್ಚೀಫು ಹಿಡಿದರು. ಹಿಂದೆ ಕೃಷ್ಣಸ್ವಾಮಿ, ಮೇಸ್ತ್ರಿ. ಕಾಲೊನಿಯ ಜನ ಕೆಲಸ ಬಿಟ್ಟು ಬಂದು ದಾರಿಗೆ ಅಡ್ಡ ನಿಂತರು.

"ನಾಯಿ ಎಲ್ಲೋ?"

"ಇದೆ," ಎಂದ ತಿಪ್ಪೇಶ. 'ಸಾರ್' ಎನ್ನಲಿಲ್ಲ.

"ಮತ್ತೆ ನಿಂತ್ಕೊಂಡ್ ನೋಡ್ತೀಯಲ್ಲ, ಬಿಚ್ಕೊಂಡ್ ಬಾ."

"ಒಂದೇ ನಾಯಿ ಕೊಡಲ್ಲ."

"ಏನಂದೆ?"

"ಪೇಟೆಯಿಂದ ತಂದಿದ್ದು ಒಂದೇ ನಾಯಿ ಅಲ್ಲ. ಒಂದೇ ಟ್ರ್ಯಾಕ್ಟರ್‌ನಾಗೆ ಬಂದ್ವು, ಎಲ್ಲಾನೂ. ತಗೊಂಡು ಹೋಗದಾದ್ರೆ ಎಲ್ಲಾನೂ ತಗೊಂಡೋಗಿ. ನಿಮ್ದನ್ನ ಕೊನೇಲಿ ಕೊಡ್ತೀವಿ."

ಬಸವರಾಜಪ್ಪನ ಮುಖ ಕಪ್ಪಿಟ್ಟಿತು. "ಕಳ್ಳತನದ ಕೇಸ್ ಹಾಕಿಸ್ತೀನಿ ಲೇ! ಪೊಲೀಸ್ ಕರೆಸ್ಲಾ?"

"ಕರೆಸ್ರಿ," ಎಂದಳು ಈರಕ್ಕ. "ಕದ್ದ್ ತಂದಿದ್ದು ನಿಮ್ದೇ ಟ್ರ್ಯಾಕ್ಟರ್ರು. ಮೇಸ್ತ್ರೀನ ಮೊದ್ಲು ಹತ್ತಿಸ್ಕೊಂಡ್ ಹೋಗ್ಲಿ."

ಚಿಕ್ಕಬೀರಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಬಸವರಾಜಪ್ಪ ತಿರುಗಿ ಅವನನ್ನು, ಆಮೇಲೆ ಕೃಷ್ಣಸ್ವಾಮಿಯವರನ್ನು ನೋಡಿದರು. ಇಬ್ಬರೂ ಹೊಂಡದ ಕಡೆ ನೋಡುತ್ತಿದ್ದರು.

ಆಗ ಈಶ್ವರಮ್ಮ ಹೊರಗೆ ಬಂದಳು. ಅರ್ಧ ಮುಖಕ್ಕೆ ಬ್ಯಾಂಡೇಜು, ಕೊರಳಿಗೆ ತೂಗುಹಾಕಿದ ಕೈ. ಜನ ದಾರಿ ಬಿಟ್ಟರು. ಅವಳು ಅಧ್ಯಕ್ಷರ ಮುಂದೆ, ಕರ್ಚೀಫಿಗೆ ತಾಗುವಷ್ಟು ಹತ್ತಿರ ಬಂದು ನಿಂತಳು.

"ನಿಮ್ ನಾಯಿ ಕಳೆದೋಯ್ತು ಅಂತ ಮೈಕಿನಾಗೆ ಕೂಗ್ಸಿದ್ರಂತೆ. ಕಳೆದೋಗಿಲ್ಲ ಸ್ವಾಮಿ. ನೀವು ಎಸೆದ ಜಾಗದಲ್ಲೇ ಇದೆ."

ಬ್ಯಾಂಡೇಜಿನ ಮೇಲೆ ಹೊಸ ರಕ್ತ ಮೂಡಿತ್ತು. ಬಸವರಾಜಪ್ಪ ಕಣ್ಣು ತಪ್ಪಿಸಿದರು.

"ಟ್ರ್ಯಾಕ್ಟರ್ ತರಿಸ್ರಿ ಕೃಷ್ಣಸ್ವಾಮಿ," ಎಂದರು. "ಲೇ ತಿಪ್ಪೇಶ, ಹೋಗು. ಹಿಡಿದ್ ತುಂಬು."

ಟ್ರ್ಯಾಕ್ಟರ್ ಬಂತು. ಆನಂದ್ ಅದೇ ನೆಟ್ಟು, ಅದೇ ಹಗ್ಗ ತಂದು ನೆಲಕ್ಕೆ ಹಾಕಿ ಜನರ ಜೊತೆ ಬಂದು ನಿಂತ. ತಿಪ್ಪೇಶ ಕೈಕಟ್ಟಿದ.

"ನಾನ್ ಹಿಡಿಯಲ್ಲ."

"ಮತ್ಯಾರೋ ಹಿಡೀತಾರೆ?"

"ನೀವು ಹಿಡೀರಿ."

ಬಸವರಾಜಪ್ಪ ಕೈ ಎತ್ತಿದರು. ತಿಪ್ಪೇಶ ಅಲುಗಲಿಲ್ಲ. ಅವನ ಅಕ್ಕಪಕ್ಕದ ಗಂಡಸರು ಒಂದೊಂದು ಹೆಜ್ಜೆ ಮುಂದೆ ಬಂದರು. ಎತ್ತಿದ ಕೈ ಹಾಗೇ ಕೆಳಗಿಳಿಯಿತು. "ಇಳೀರಿ ನೀವು," ಎಂದು ಮುಖ್ಯಾಧಿಕಾರಿಯ ಮೇಲೆ ಕಿರುಚಿ, ಬಸವರಾಜಪ್ಪ ಹೋಗಿ ಜೀಪಿನೊಳಗೆ ಕೂತು ಬಾಗಿಲು ಎಳೆದುಕೊಂಡರು.

ಕೃಷ್ಣಸ್ವಾಮಿ ಇಸ್ತ್ರಿ ಮಾಡಿದ ಪ್ಯಾಂಟನ್ನು ಮಡಚಿದರು. ಮೇಸ್ತ್ರಿ ಕೈಗೆ ಗೋಣಿ ಸುತ್ತಿಕೊಂಡ. ಇಬ್ಬರೂ ಹೊಂಡಕ್ಕೆ ಇಳಿದರು. ಅಧಿಕಾರಿಯ ಬೂಟು ಕೊಳೆತ ಕಸದಲ್ಲಿ ಪೂರ್ತಿ ಹೂತಿತು. ನಾಯಿಗಳು ತಲೆ ಎತ್ತಿ ಗುರ್ರೆಂದವು. ಮೇಸ್ತ್ರಿ ಬೀಸಿದ ನೆಟ್ಟು ಅವನ ಕಾಲಿಗೇ ಸುತ್ತಿಕೊಂಡಿತು. ಮಗುಚಿ ಬಿದ್ದು, ತೆವಳಿಕೊಂಡು ಮೇಲೆ ಬಂದ. ಕೃಷ್ಣಸ್ವಾಮಿ ಕೈಯಲ್ಲಿ ಕುಣಿಕೆ ಹಿಡಿದು ಹೊಂಡದ ನಡುವೆ ಒಬ್ಬರೇ ನಿಂತರು. ಹಣೆಯ ಬೆವರು ಕನ್ನಡಕದ ಮೇಲೆ ಇಳಿಯುತ್ತಿತ್ತು.

"ಹೇಗಪ್ಪಾ ಹಿಡಿಯೋದು ಇದನ್ನ?" ಎಂದು ಮೇಲೆ ನೋಡಿ ಕೇಳಿದರು.

"ನಮಗೂ ಯಾರೂ ಹೇಳ್ಕೊಟ್ಟಿರಲಿಲ್ಲ," ಎಂದ ತಿಪ್ಪೇಶ.

ಕೃಷ್ಣಸ್ವಾಮಿ ಮೇಲೆ ಬಂದು ಫೋನ್ ಮಾಡಿದರು. ಅಲ್ಲಿಯವರೆಗೆ ಸಿಗದಿದ್ದ ವ್ಯಾನು ಅವತ್ತು ಮಧ್ಯಾಹ್ನವೇ ಚಿಕ್ಕಮಗಳೂರಿನಿಂದ ಬಂತು. ಒಂದಲ್ಲ, ಎರಡು. ಪಂಜರ ಇತ್ತು, ಡಾಕ್ಟರಿದ್ದರು, ದಪ್ಪ ಕೈಗವಸಿನ ಹುಡುಗರಿದ್ದರು. ಬೆಳಿಗ್ಗೆಯೇ ಕರೆದಿದ್ದರೂ ಬರುತ್ತಿತ್ತು. ಮೊದಲ ದಿನ ಕರೆದಿದ್ದರೂ ಬರುತ್ತಿತ್ತು. ಕಾಲೊನಿಯವರು ಹೊಂಡದ ಅಂಚಿನಲ್ಲಿ ಕೂತು ಕೊನೆಯ ನಾಯಿ ಪಂಜರ ಸೇರುವವರೆಗೂ ನೋಡಿದರು. ಈಶ್ವರಮ್ಮನನ್ನು ಕಚ್ಚಿದ ಕೆಂದ ಬೇರೆ ಪಂಜರಕ್ಕೆ ಹೋಯಿತು. ಅದನ್ನು ನಿಗಾದಲ್ಲಿಡಬೇಕು ಎಂದರು ಡಾಕ್ಟರು. ಎಲ್ಲ ಆದಮೇಲೆ ಈರಕ್ಕ ಹುಣಸೆ ಮರದ ಹಗ್ಗ ಬಿಚ್ಚಿದಳು. ಬಸವರಾಜಪ್ಪ ನಾಯಿಯನ್ನು ಜೀಪಿನೊಳಗೆ ಎಳೆದುಕೊಂಡು ಗಾಜು ಇಳಿಸಿದರು.

"ನಾಳೆಯಿಂದ ನಿನಗೆ ಕೆಲಸ ಇಲ್ಲ."

ಆ ಮಾತನ್ನು ಅವರು ಉಳಿಸಿಕೊಂಡರು. ಗುತ್ತಿಗೆದಾರ ತಿಪ್ಪೇಶನ ಹೆಸರು ತೆಗೆದ. ನಾಯಿಗಳು ಆಪರೇಷನ್ ಆದ ಗುರುತಿಗೆ ಕಿವಿಯ ತುದಿ ಕತ್ತರಿಸಿಕೊಂಡು ಪೇಟೆ ಬೀದಿಗೆ ವಾಪಸು ಬಂದವು. ಅಂಗಡಿಯವರು ಗೊಣಗಿದರು, ಕಾನೂನು ಎಂದು ಕೇಳಿ ಸುಮ್ಮನಾದರು. ಈಶ್ವರಮ್ಮನ ಕೆನ್ನೆ ಕೂಡಿತು, ಬಾಯಿ ಸೊಟ್ಟಗೇ ಉಳಿಯಿತು. ಹೋಟೆಲಿನವನು ಅವಳನ್ನು ಮತ್ತೆ ಕರೆಯಲಿಲ್ಲ. ಗಿರಾಕಿಗಳು ಮುಖ ನೋಡಿ ಹೆದರುತ್ತಾರಂತೆ. ತಿಪ್ಪೇಶ ಹೆಬ್ಬೆಯ ಕಡೆ ಕಾಫಿ ತೋಟದ ಕೂಲಿಗೆ ಹೋದ. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ.

ಅಂಥದೊಂದು ಭಾನುವಾರ ಮೇಸ್ತ್ರಿ ಚಿಕ್ಕಬೀರಪ್ಪ ಬಾಗಿಲಿಗೆ ಬಂದ. ತಿಪ್ಪೇಶ ಊಟಕ್ಕೆ ಕೂತಿದ್ದ.

"ತಿಪ್ಪೇಶ, ಒಂದ್ ದನ ಸತ್ತು ಬಿದ್ದಿದೆ ಮಾರಾಯ. ಉಬ್ಬೋಗಿದೆ, ನಿಲ್ಲಾಕಾಗಲ್ಲ ವಾಸ್ನೆಗೆ. ಯಾರೂ ಮುಟ್ತಿಲ್ಲ. ಸಾಹೇಬ್ರು ನಿನ್ನ ಮತ್ತೆ ಕೆಲ್ಸಕ್ ತಗೋತಾರಂತೆ. ಬಾರೋ."

"ಎಲ್ಲಿ ಬಿದ್ದಿದೆ?"

"ಹೊಸ ಬಡಾವಣೆ. ಅಧ್ಯಕ್ಷರ ಮನೆ ಬೀದಿ."

ತಿಪ್ಪೇಶ ತುತ್ತು ಮುರಿದು ಸಾರಿಗೆ ಅದ್ದಿದ.

"ಆ ಬೀದೀಲಿ ಗಂಡಸ್ರಿಲ್ವಾ ಮೇಸ್ತ್ರಿ?"

ಈಶ್ವರಮ್ಮ ಎದ್ದು ಬಂದು, ಮೇಸ್ತ್ರಿಯನ್ನೊಮ್ಮೆ ನೋಡಿ, ಸೊಟ್ಟಗಾದ ಬಾಯಿಯಲ್ಲೇ ನಕ್ಕು, ಬಾಗಿಲು ಹಾಕಿದಳು. ಮೇಸ್ತ್ರಿ ಆನಂದನ ಮನೆಗೆ ಹೋದ. ಈರಕ್ಕನ ಮನೆಗೆ ಹೋದ. ಕಾಲೊನಿಯ ತುದಿಯವರೆಗೂ ಬಾಗಿಲು ತಟ್ಟುತ್ತ ಹೋದ. ಒಳಗೆ ಜನ ಮಾತಾಡುವುದು, ಪಾತ್ರೆಯ ಸದ್ದು, ಟೀವಿಯ ಸದ್ದು ಎಲ್ಲ ಕೇಳಿಸುತ್ತಿತ್ತು. ಯಾರೂ ಬಾಗಿಲು ತೆರೆಯಲಿಲ್ಲ.